ಗೂಟ ಮೀರಿ ಬೆಳೆದ ಟೊಮೆಟೊ ಗಿಡದವರಿಗೆ, ಆಲ್ಟರೇಷನ್ ಅಂಗಡಿಯಿಂದ

ಗೆ,
ಶ್ರೀಯುತ ಟೊಮೆಟೊ ಗಿಡದವರು,
ಹಸಿರು ಬಕೆಟ್ಟು, ಕಪಾಟಿನ ಪಕ್ಕ,
ಒಳಕೋಣೆ.

ಮಾನ್ಯರೇ,

ಬಕೆಟ್ಟಿನಲ್ಲಿ ಬೇರು, ಸೂರಿನ ಹತ್ತಿರ ತಲೆ ಇಟ್ಟುಕೊಂಡು ಈ ಮನೆಯ ಸಕಲರನ್ನೂ ಮೇಲಿನಿಂದಲೇ ನೋಡುತ್ತಿರುವ ತಮ್ಮ ಘನ ಸನ್ನಿಧಾನಕ್ಕೆ, ಕುತ್ತಿಗೆ ನೋಯುವಷ್ಟು ಮುಖವೆತ್ತಿ ನಮಸ್ಕರಿಸಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕ್ಷೇಮವಾಗಿರದೆ ಏನು ಮಾಡುತ್ತೀರಿ? ಅಂಗಡಿಯಲ್ಲಿದ್ದ ಒಂದೇ ಒಂದು ಟೇಬಲ್ ಫ್ಯಾನು ಈಗ ತಮ್ಮ ಸೇವೆಯಲ್ಲಿದೆ, ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತು ಬೆವರು ಒರೆಸಿಕೊಳ್ಳುವ ಸೌಭಾಗ್ಯ ನನ್ನದಾಗಿದೆ. ನಾನು ಕೆಮ್ಮಿದರೆ ‘ಸ್ವಲ್ಪ ನೀರು ಕುಡಿ’ ಎಂದು ಪೇಪರಿನಿಂದ ತಲೆಯೆತ್ತದೆ ಹೇಳುವ ನಮ್ಮ ಯಜಮಾನರು, ತಮ್ಮ ಒಂದು ಎಲೆ ಹಳದಿಯಾದರೆ ಚಪ್ಪಲಿ ಮೆಟ್ಟಿಕೊಂಡು ಗಿಡದಂಗಡಿಗೆ ಓಡುತ್ತಾರೆ. ಇಂಥ ಉಪಚಾರ ಮದುವೆಯಾದ ಹೊಸದರಲ್ಲೂ ನನಗೆ ಸಿಕ್ಕಿರಲಿಲ್ಲ.

ಈ ಪತ್ರವನ್ನು ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸುವವಳಿದ್ದೇನೆ. ಟ್ರಯಲ್ ನೋಡಲು ಬಂದು ಕಾಯುವವರು ಓದಲಿ, ತಮ್ಮ ಕೀರ್ತಿ ನಾಲ್ಕು ಜನಕ್ಕೆ ತಿಳಿಯಲಿ. ಆದ್ದರಿಂದ ತಮಗೆ ಗೊತ್ತಿರುವ ಸಂಗತಿಗಳನ್ನೂ ಅವರಿಗಾಗಿ ಹೇಳಬೇಕಾಗುತ್ತದೆ, ಬೇಸರಿಸಬಾರದು. ತಾವಿರುವ ಕೋಣೆಯ ಮುಂದೆ, ಒಂದು ಪರದೆಯ ಆಚೆಗೆ, ಬಟ್ಟೆ ಆಲ್ಟರ್ ಮಾಡಿಕೊಡುವ ಅಂಗಡಿ ನನ್ನದು. ಹೊಸ ಬಟ್ಟೆ ಹೊಲಿಯುವ ದೊಡ್ಡ ಟೈಲರುಗಳ ಸಾಲಿಗೆ ನಾನು ಸೇರಿದವಳಲ್ಲ. ಅವರು ಅಳತೆ ತಪ್ಪಿದ್ದನ್ನು, ಕಂಪನಿಯವರು ಲೋಕದ ಎಲ್ಲರ ಕಾಲೂ ಒಂದೇ ಉದ್ದವೆಂದುಕೊಂಡು ಹೊಲಿದದ್ದನ್ನು, ಗಂಡಂದಿರು ಕಣ್ಣಂದಾಜಿನಲ್ಲಿ ಹೆಂಡತಿಗೆ ತಂದುಕೊಟ್ಟದ್ದನ್ನು ಸರಿಮಾಡುವುದು ನನ್ನ ಕಸುಬು. ಬರುವ ಬಟ್ಟೆಗಳಲ್ಲಿ ಮುಕ್ಕಾಲು ಪಾಲು ಬರುವುದು ಉದ್ದ ಜಾಸ್ತಿಯಾಯಿತೆಂದೇ. ಹೀಗೆ ಉದ್ದವಾದದ್ದನ್ನು ಗಿಡ್ಡ ಮಾಡುವುದರಲ್ಲೇ ಬದುಕು ಸವೆಸಿದವಳ ಮನೆಯೊಳಗೆ, ಅವಳ ಬೆನ್ನ ಹಿಂದೆಯೇ, ತಾವು ದಿನೇ ದಿನೇ ಉದ್ದವಾಗುತ್ತಿರುವುದನ್ನು ನಾನು ವೈಯಕ್ತಿಕ ಅವಮಾನವೆಂದು ಭಾವಿಸಿದರೆ ತಾವು ತಪ್ಪು ತಿಳಿಯಲಾರಿರಿ.

ತಮ್ಮ ಏಳಿಗೆಯ ಬಗ್ಗೆ ನನಗೆ ಹೊಟ್ಟೆಕಿಚ್ಚೇನೂ ಇಲ್ಲ. ಆದರೆ ಏಳಿಗೆಗೂ ಒಂದು ಅಳತೆ ಬೇಡವೇ? ಕಾಂಡದಲ್ಲಿ ಒಂದು ಎಲೆ ಹೊರಟ ಜಾಗಕ್ಕೂ ಮುಂದಿನ ಎಲೆ ಹೊರಟ ಜಾಗಕ್ಕೂ ನಡುವೆ ನನ್ನ ನಾಲ್ಕು ಬೆರಳು ಆರಾಮಾಗಿ ಕೂರುತ್ತವೆ. ಶರ್ಟಿಗೆ ಇಷ್ಟು ದೂರದೂರ ಗುಂಡಿ ಹಾಕಿಕೊಟ್ಟರೆ ಗಿರಾಕಿ ಹೊಟ್ಟೆ ತೋರಿಸಿಕೊಂಡು ಬೀದಿಯಲ್ಲಿ ನಡೆಯಬೇಕಾಗುತ್ತದೆ. ಕಾಂಡವೋ ಪೀಚು, ಬಣ್ಣವೋ ನೂರು ಸಲ ಒಗೆದ ಹಸಿರು. ಮೊದಲು ಒಂದು ಪೆನ್ಸಿಲ್ಲನ್ನು ಆಸರೆಯಾಗಿ ಕೊಟ್ಟೆವು, ಅದನ್ನು ದಾಟಿದಿರಿ. ಹಳೆಯ ಕೊಡೆಯ ಕಡ್ಡಿ ಕೊಟ್ಟೆವು, ಅದನ್ನೂ ದಾಟಿದಿರಿ. ಈಗ ಪರದೆಯ ಕೋಲನ್ನೇ ಬಿಚ್ಚಿ ಗೂಟ ಮಾಡಿದ್ದೇವೆ, ಪರದೆ ದಾರದ ಮೇಲೆ ಜೋತುಬಿದ್ದಿದೆ, ತಾವು ಕೋಲಿನ ತುದಿಯನ್ನೂ ಮೀರಿ ಸೂರಿನ ಜೇಡರಬಲೆಯೊಂದಿಗೆ ಸಂಬಂಧ ಬೆಳೆಸುತ್ತಿದ್ದೀರಿ. ಇಷ್ಟೆಲ್ಲ ಆದರೂ ಹಣ್ಣಿನ ಮಾತು ಹಾಗಿರಲಿ, ಒಂದು ಹೂವನ್ನೂ ತಾವು ದಯಪಾಲಿಸಿಲ್ಲ.

ಹೂವು ಬಿಡದಿದ್ದರೆ ನಷ್ಟವೇನು, ಟೊಮೆಟೊ ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ಗಾಜಿನ ಆಚೆ ನಿಂತು ಓದುವವರು ಕೇಳಬಹುದು. ಅವರಿಗೆ ನಮ್ಮ ಅತ್ತೆಯ ವಿಷಯ ಹೇಳಬೇಕು.

ನಮ್ಮ ಮನೆಯ ಹಿಂದೆ, ಅಡುಗೆಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ, ಒಂದು ಮಂಚ ಹಾಕುವಷ್ಟು ಅಗಲದ ನೆಲವಿತ್ತು. ಅಲ್ಲಿ ಅತ್ತೆ ಟೊಮೆಟೊ ಬೆಳೆಯುತ್ತಿದ್ದರು. ಅವರ ಗಿಡಗಳು ಕುಳ್ಳಗೆ, ದಪ್ಪಗೆ, ಅತ್ತೆಯ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ನಿಂತಂತಿದ್ದವು, ಬಿಟ್ಟರೆ ಬುಟ್ಟಿ ಬುಟ್ಟಿ ಬಿಡುತ್ತಿದ್ದವು. ಆಮೇಲೆ ಕಾಂಪೌಂಡಿನ ಆಚೆಗೆ ಕಾರು ನಿಲ್ಲಿಸಲೆಂದು ಒಂದು ಕಟ್ಟಡವೆದ್ದಿತು, ಅಂತಸ್ತಿನ ಮೇಲೆ ಅಂತಸ್ತು. ಈಗ ಅಲ್ಲಿ ಕಾರುಗಳಿಗೆ ಹಗಲಿಡೀ ಬಿಸಿಲು ಬೀಳುತ್ತದೆ, ನಮಗೆ ಕಾರುಗಳ ನೆರಳು ಬೀಳುತ್ತದೆ. ಹಿತ್ತಲು ಪಾಚಿಗಟ್ಟಿತು, ಅಡುಗೆಮನೆಯಲ್ಲಿ ಮಧ್ಯಾಹ್ನವೂ ಸ್ವಿಚ್ಚು ಒತ್ತಬೇಕಾಯಿತು, ಅತ್ತೆ ಹಾಕಿದ ಸಸಿಗಳು ಒಂದೊಂದಾಗಿ ನೆಲಕಚ್ಚಿದವು. ಕೊನೆಯದನ್ನು ಕಿತ್ತು ಎಸೆದ ದಿನ ಅತ್ತೆ ಕೈ ತೊಳೆದುಕೊಂಡು ಬಂದು ಹೇಳಿದ್ದು ಇಷ್ಟು: “ಹಗಲು ಹೊತ್ತಲ್ಲೂ ದೀಪ ಹಾಕ್ಕೊಂಡು ಕೂರೋಕೆ ಇದೇನು ಮನೇನೋ ಬಾವೀನೋ? ನಾನು ಮಗಳ ಮನೆಗೆ ಹೋಗ್ತೀನಿ.”

ನನ್ನ ನಾದಿನಿಯ ಮನೆ ಎತ್ತರದಲ್ಲಿದೆ, ಬಾಲ್ಕನಿಯಿದೆ, ಬಿಸಿಲು ಬಂದು ಸೋಫಾದ ಮೇಲೆ ಕೂರುತ್ತದೆ. ಅವಳಿಗೂ ಅಮ್ಮ ಬರಲಿ ಎಂಬ ಆಸೆ ಬಹಳ ದಿನದಿಂದ ಇದೆ. ಯಜಮಾನರನ್ನು ಕೇಳಿದರೆ ಅವರು “ಹೂಂ” ಎಂದರು. ಅವರು ನೀರಿನ ಪಂಪು ರಿಪೇರಿ ಮಾಡುವವರು, ದಿನವಿಡೀ ಮೋಟಾರಿನ ಸದ್ದಿನಲ್ಲಿರುವುದರಿಂದ ಮನೆಯಲ್ಲಿ ಯಾರು ಏನು ಹೇಳಿದರೂ ‘ಹೂಂ’ ಎನ್ನುವುದು ಅವರಿಗೆ ಅಭ್ಯಾಸವಾಗಿದೆ. ಕೊನೆಗೆ ನಾನೇ ಅತ್ತೆಯ ಬೆನ್ನು ಬಿದ್ದೆ. ಅತ್ತೆ ಸಾಕಷ್ಟು ಬಿಗುಮಾನ ಮಾಡಿ, ಡಬ್ಬಿಯಲ್ಲಿ ಒಣಗಿಸಿಟ್ಟಿದ್ದ ತಮ್ಮದೇ ಹಣ್ಣಿನ ಬೀಜಗಳನ್ನು ನನ್ನ ಕೈಗೆ ಹಾಕಿ, “ಈ ಕತ್ತಲೆ ಮನೇಲಿ ಒಂದೇ ಒಂದು ಟೊಮೆಟೊ ಹಣ್ಣು ಮಾಡಿ ತೋರ್ಸು, ಇರ್ತೀನಿ. ಇಲ್ಲಾಂದ್ರೆ ಮಳೆ ನಿಂತ್ಮೇಲೆ ಹೊರಡೋದೇ,” ಎಂದರು. ಆ ಬೀಜಗಳಲ್ಲಿ ಬದುಕಿ ಉಳಿದವರು ತಾವೊಬ್ಬರೇ. ಮಳೆ ಈಗಾಗಲೇ ನಿಂತಿದೆ.

ಸೊಸೆಯೊಬ್ಬಳು ಅತ್ತೆಯನ್ನು ಮನೆಯಲ್ಲಿ ಉಳಿಸಿಕೊಳ್ಳಲು ಒಂದು ಗಿಡದ ಕಾಲು ಹಿಡಿಯುತ್ತಿದ್ದಾಳೆಂದರೆ ಗಾಜಿನ ಆಚೆಯವರು ನಗುತ್ತಾರೆಂದು ನನಗೆ ಗೊತ್ತು. ನಗಲಿ. ಅವರಿಗೆ ಅತ್ತೆಯ ಉಪಯೋಗ ಗೊತ್ತಿಲ್ಲ. ಹಳೆಯ ಪ್ಯಾಂಟನ್ನು ತಂದು ‘ಇದು ಒಗೆದು ಕುಗ್ಗಿದೆ’ ಎನ್ನುವ ಗಿರಾಕಿಗೆ, ಪ್ಯಾಂಟು ಕುಗ್ಗಿಲ್ಲ, ಹೊಟ್ಟೆ ಹಿಗ್ಗಿದೆ ಎಂದು ಮುಖಕ್ಕೆ ಹೇಳುವ ಧೈರ್ಯ ಈ ಅಂಗಡಿಯಲ್ಲಿ ಅತ್ತೆಗೆ ಮಾತ್ರ ಇದೆ. ಗುಂಡಿಯ ಕಾಜಾ ಕೈಯಲ್ಲೇ ಹೊಲಿಯುತ್ತಾರೆ, ಮೆಷಿನ್ನು ನಾಚಬೇಕು. ನನ್ನ ಅಡುಗೆಗೆ ಮೂಗು ಮುರಿಯುತ್ತಾರೆ, ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಪರದೆಯ ಆಚೆಯಿಂದ ಅವರ ಗೊಣಗಾಟ ಕೇಳಿಸದ ದಿನ ನನಗೆ ಹೊಲಿಗೆ ಓಡುವುದಿಲ್ಲ. ನೇರವಾಗಿಯೇ ಬರೆದುಬಿಡುತ್ತೇನೆ: ನನಗೆ ಅತ್ತೆ ಬೇಕು. ಇದನ್ನು ಅವರೆದುರು ಹೇಳುವ ಬಾಯಿ ನನಗಿಲ್ಲ, ಹೇಳಿದರೆ ಕೇಳಿಸಿಕೊಳ್ಳುವ ಕಿವಿ ಅವರಿಗೂ ಇಲ್ಲ, ಆದ್ದರಿಂದ ಮಧ್ಯಸ್ಥಿಕೆಗೆ ತಮ್ಮನ್ನು ನೇಮಿಸಲಾಗಿತ್ತು.

ಈ ನೇಮಕವನ್ನು ತಾವು ಹೇಗೆ ನಿಭಾಯಿಸಿದಿರಿ ಎಂಬುದನ್ನು ಇನ್ನು ವಿವರಿಸುತ್ತೇನೆ. ಮೊಳಕೆಯೊಡೆದಾಗ ತಮ್ಮ ತಲೆಯ ಮೇಲೆ ಹಳದಿ ಬಲ್ಬನ್ನು ಹಚ್ಚಿದೆವು, ಬೆಚ್ಚಗಿರಲಿ ಎಂದು. ತಾವು ಬಲ್ಬನ್ನೇ ಹಿಡಿಯುವವರಂತೆ ಮೇಲಕ್ಕೆ ಹೊರಟಿರಿ. ಗಿಡದಂಗಡಿಯವರನ್ನು ಕೇಳಿದೆ. ಅವರು ಬಹಳ ಮಾತಿನ ಮನುಷ್ಯರು, ಕೇಳಿದ್ದಕ್ಕಿಂತ ಹೆಚ್ಚು ಹೇಳಿ, ಬೇಕಾದ್ದಕ್ಕಿಂತ ಹೆಚ್ಚು ಮಾರುತ್ತಾರೆ. “ಅದಕ್ಕೆ ಬೆಳಕು ಸಾಲ್ತಾ ಇಲ್ಲ, ಎಲ್ಲಿದೆ ಎಲ್ಲಿದೆ ಅಂತ ಕತ್ತು ಚಾಚ್ತಾ ಇದೆ. ಬೆಳಕು ಹತ್ತಿರ ಬಂದ್ರೆ ತಾನಾಗೇ ಗಿಡ್ಡ ಆಗಿ ದಪ್ಪ ಆಗುತ್ತೆ,” ಎಂದು ಒಂದು ನೇರಳೆ ಬಣ್ಣದ ದೀಪ ಕೊಟ್ಟರು. ಅದನ್ನು ಹಚ್ಚಿದ ಸಂಜೆಯಿಂದ ನಮ್ಮ ಮನೆಯ ಬಗ್ಗೆ ಬೀದಿಯಲ್ಲಿ ಏನೇನು ಮಾತು ಹುಟ್ಟಿದವೆಂದು ಇಲ್ಲಿ ಬರೆಯಲಾರೆ. ಗಿರಾಕಿಗಳು ಹೊಸ್ತಿಲಲ್ಲೇ ನಿಂತು ಬಟ್ಟೆ ಎಸೆದು ಹೋಗತೊಡಗಿದರು. ಅತ್ತೆ, “ಇದೇನೇ, ಮೈಯೆಲ್ಲ ಬದನೆಕಾಯಿ ಬಣ್ಣ,” ಎಂದು ಪ್ಲಗ್ಗು ಕಿತ್ತರು. ಮರುದಿನ ಬಗ್ಗುವ ಕತ್ತಿನ ಒಂದು ಬಿಳಿ ದೀಪ ಬಂತು. ಹಗಲಿನಂಥ ಬೆಳಕು, ಕಪಾಟಿನ ಅಂಚಿಗೆ ಕ್ಲಿಪ್ಪು ಹಾಕಿ ತಮ್ಮ ನೆತ್ತಿಯ ಮೇಲೆ ಅಂಗೈ ಹಿಡಿಯುವಷ್ಟು ಜಾಗ ಬಿಟ್ಟು ನಿಲ್ಲಿಸಿದೆವು. ಇನ್ನೂ ಹತ್ತಿರ ತಂದರೆ ಎಲೆ ಸುಡುತ್ತದೆ, ದೂರ ಒಯ್ದರೆ ತಾವು ಓಡುತ್ತೀರಿ. ಮಲಗುವ ಹೊತ್ತಿಗೆ ಆರಿಸಬೇಕು, ತಮಗೂ ನಿದ್ದೆ ಬೇಕಂತೆ. ಇಷ್ಟು ನಾಜೂಕಾಗಿ ನಾನು ಮದುವೆಯ ಕೋಟನ್ನೂ ಹಿಡಿದಿಲ್ಲ.

ಆಹಾರದ ವಿಷಯದಲ್ಲಿ ನಮ್ಮ ಮನೆಯವರದೂ ಸ್ವಲ್ಪ ತಪ್ಪಿದೆ ಎಂದು ಒಪ್ಪಿಕೊಳ್ಳುತ್ತೇನೆ. ಈ ಮನೆಯಲ್ಲಿ ಯಾರ ಮೇಲಾದರೂ ಪ್ರೀತಿ ಬಂದರೆ ಅದನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ, ತಟ್ಟೆಗೆ ಹಾಕುವುದಷ್ಟೇ ಗೊತ್ತು. ತಾವು ಬಡಕಲಾಗಿ ಕಂಡದ್ದರಿಂದ ಅತ್ತೆ, ಹೊಟ್ಟೆಗೆ ಸಾಲದೆ ಹೀಗಾಗಿದೆ ಎಂದು ಬೆಳಗ್ಗೆ ಒಂದು ಚಮಚ ಗೊಬ್ಬರ ಹಾಕಿದರು. ಅದನ್ನರಿಯದ ಯಜಮಾನರು ಸಂಜೆ ಒಂದು ಚಮಚ ಹಾಕಿದರು. ಇಬ್ಬರೂ ಹಾಕಿರಲಿಕ್ಕಿಲ್ಲವೆಂದು ನಾನು ಮಧ್ಯಾಹ್ನ ಒಂದು ಚಮಚ ಹಾಕಿದೆ. ಅದು ಯೂರಿಯಾ ಹೆಚ್ಚಿರುವ ಗೊಬ್ಬರವಂತೆ. ಬೆಳಕು ಕಡಿಮೆಯಿದ್ದಾಗ ಅದನ್ನು ತಿಂದ ಗಿಡ ಮೈಗೂಡುವುದಿಲ್ಲ, ಮೆತ್ತಗಾಗಿ ಉದ್ದುದ್ದ ಹೋಗುತ್ತದೆಂದು ಗಿಡದಂಗಡಿಯವರು ತಲೆಯ ಮೇಲೆ ಕೈ ಹೊತ್ತು ಹೇಳಿದ ಮೇಲೆ, ಬುಡಕ್ಕೆ ಬರಿಯ ನೀರು ಸುರಿದು ಗೊಬ್ಬರದ ಉಪ್ಪನ್ನೆಲ್ಲ ತೊಳೆದು, ತಮ್ಮನ್ನು ಪಥ್ಯಕ್ಕೆ ಹಾಕಿದೆವು. ಈಗ ವಾರಕ್ಕೊಮ್ಮೆ, ಪೊಟ್ಯಾಷ್ ಜಾಸ್ತಿ ಇರುವುದನ್ನು, ನೀರಿನಲ್ಲಿ ತೆಳ್ಳಗೆ ಕಲಸಿ, ನನ್ನೊಬ್ಬಳ ಕೈಯಿಂದ ಮಾತ್ರ. ಗೊಬ್ಬರದ ಡಬ್ಬಿಯನ್ನು ಜಿಪ್ಪುಗಳ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೇನೆ. ಫ್ಯಾನಿನ ಗಾಳಿಗೆ ಕಾಂಡ ಅಲುಗಾಡಿ ಗಟ್ಟಿಯಾಗಲಿ ಎಂದು ಫ್ಯಾನನ್ನೂ ಬಿಟ್ಟುಕೊಟ್ಟೆ.

ಕಡೆಯದಾಗಿ, ಟೊಮೆಟೊ ಗಿಡವನ್ನು ಕತ್ತಿನವರೆಗೂ ಮಣ್ಣಲ್ಲಿ ಹೂಳಬಹುದು, ಹೂತ ಕಾಂಡವೆಲ್ಲ ಬೇರು ಬಿಡುತ್ತದೆ ಎಂದು ತಿಳಿದ ದಿನ ನನಗಾದ ಆನಂದವನ್ನು ಹೇಗೆ ಬಣ್ಣಿಸಲಿ! ಹೆಚ್ಚಾದ ಉದ್ದವನ್ನು ಒಳಕ್ಕೆ ಮಡಚುವುದೇ ನನ್ನ ಕೆಲಸ. ತಮ್ಮನ್ನು ಎಬ್ಬಿಸಿ ಈ ಬಕೆಟ್ಟಿನ ತಳಕ್ಕೆ ಇಳಿಸಿ, ಕೆಳಗಿನ ಎಲೆ ತೆಗೆದು, ಕುತ್ತಿಗೆಯವರೆಗೂ ಮಣ್ಣು ತುಂಬಿದೆ. ಕನ್ನಡಿಯ ಮುಂದೆ ನಿಲ್ಲಿಸಿ ‘ಈಗ ಸರಿಯಾಯ್ತಾ ನೋಡಿ’ ಎಂದು ಕೇಳುವುದೊಂದೇ ಬಾಕಿ. ತಾವು ಮೂರು ವಾರ ಸಭ್ಯರಂತೆ ಇದ್ದು, ಆಮೇಲೆ ಹಳೆಯ ಚಾಳಿಗೆ ಹಿಂದಿರುಗಿದಿರಿ.

ಹಿಂದಿರುಗಿದ್ದು ಮಾತ್ರವಲ್ಲ, ಒಂದು ಹೊಸ ದುರಭ್ಯಾಸವನ್ನೂ ಕಲಿತಿರಿ. ದೀಪ ನೆತ್ತಿಯ ಮೇಲಿದ್ದರೂ ತಾವು ನೆಟ್ಟಗೆ ನಿಲ್ಲದೆ ಪರದೆಯ ಕಡೆಗೆ, ಎಂದರೆ ನನ್ನ ಅಂಗಡಿಯ ಕಡೆಗೆ, ವಾಲತೊಡಗಿದಿರಿ. ಬಕೆಟ್ಟನ್ನು ತಿರುಗಿಸಿಟ್ಟರೆ ಎರಡು ದಿನದಲ್ಲಿ ಮತ್ತೆ ಈ ಕಡೆಗೇ ಕತ್ತು ಹೊರಳಿಸುತ್ತೀರಿ. ಗಿರಾಕಿಗಳ ಸೊಂಟದ ಸುತ್ತಳತೆಯನ್ನು ನಾನು ಪಿಸುಮಾತಿನಲ್ಲಿ ಹೇಳುವುದು ಅವರ ಮರ್ಯಾದೆಗಾಗಿ. ಅದನ್ನು ಕದ್ದು ಕೇಳುವುದು ತಮ್ಮಂಥ ಮನೆತನಸ್ಥರಿಗೆ ಶೋಭೆಯಲ್ಲ. ತಮ್ಮ ಕಿವಿ ಎಲ್ಲಿದೆಯೋ ಗೊತ್ತಾಗಿದ್ದರೆ ಹಿಂಡುತ್ತಿದ್ದೆ.

ಆದಕಾರಣ ನನ್ನ ಬೇಡಿಕೆಗಳನ್ನು ಇಲ್ಲಿ ನಿವೇದಿಸುತ್ತೇನೆ. ಎಲೆಯಿಂದ ಎಲೆಗೆ ಬಿಟ್ಟಿರುವ ಜಾಗಗಳನ್ನು ತಾವೇ ಒಳಗಿನಿಂದ ಎಳೆದುಕೊಂಡು, ಬೇಕಾದರೆ ಎಲಾಸ್ಟಿಕ್ ನಾನು ಒದಗಿಸುತ್ತೇನೆ, ಸಾಲಾಗಿ ನೆರಿಗೆ ಹಿಡಿದುಕೊಂಡು ಗಿಡ್ಡವಾಗಬೇಕು. ಬೇರೆಯವರ ಮನೆಯ ಬಾಲ್ಕನಿಯಲ್ಲಿ ಬೆಳೆದವರಂತೆ ಮುಖದ ಮೇಲೆ ಕಳೆ ತಂದುಕೊಳ್ಳಬೇಕು. ನಾದಿನಿ ಗಾಡಿ ತೆಗೆದುಕೊಂಡು ಬರುವುದರೊಳಗೆ ಒಂದು ಹಣ್ಣು ಕೊಡಬೇಕು. ಸಣ್ಣದಾದರೆ ಅಡ್ಡಿಯಿಲ್ಲ, ಸೊಟ್ಟಗಿದ್ದರೂ ನಡೆಯುತ್ತದೆ, ಅಳತೆ ಹೆಚ್ಚುಕಮ್ಮಿಯಾದರೆ ಸರಿಮಾಡಿಕೊಳ್ಳಲು ನಾನಿದ್ದೇನೆ. ಹೂವು, ಕಾಯಿ ಇತ್ಯಾದಿ ಕ್ರಮಗಳನ್ನು ಈ ಒಂದು ಸಲಕ್ಕೆ ಬದಿಗಿಟ್ಟು ನೇರವಾಗಿ ಹಣ್ಣಿಗೇ ಬರಲು ಸಾಧ್ಯವಿದ್ದಲ್ಲಿ ಅದನ್ನೂ ಪರಿಶೀಲಿಸಬೇಕಾಗಿ ಕೋರುತ್ತೇನೆ.

ಪತ್ರವನ್ನು ಇಲ್ಲಿಗೇ ಮುಗಿಸಿ ಸಹಿ ಹಾಕುವವಳಿದ್ದೆ. ಅಷ್ಟರಲ್ಲಿ ಸಂಜೆಯಾಯಿತು, ಕಪ್ಪು ಪ್ಯಾಂಟಿನ ಗಿರಾಕಿ ಬರುವ ಹೊತ್ತಾಯಿತೆಂದು ಕಾಗದವನ್ನು ಬದಿಗಿಟ್ಟು ಮೆಷಿನ್ನಿಗೆ ಕುಳಿತೆ. ಇದೀಗ ಮತ್ತೆ ಬರೆಯುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಸ್ವಲ್ಪ ತಿದ್ದುಪಡಿ ಮಾಡಬೇಕಾಗಿದೆ.

ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಹೊಲಿಯುವುದೆಂದರೆ ಕಣ್ಣಿಗೆ ಪರೀಕ್ಷೆ. ಹಿಂದಿನ ಕಟ್ಟಡ ಎದ್ದ ಮೇಲೆ ಅಂಗಡಿಗೂ ಹಿಂಬದಿಯ ಬೆಳಕು ತಪ್ಪಿ, ನಾನು ಬೀದಿಗೆ ಮುಖಮಾಡಿ, ಮೂಗನ್ನು ಸೂಜಿಗೆ ತಾಗಿಸಿ ಹೊಲಿಯುತ್ತಿದ್ದೆ. ಈಚೆಗೆ ಕೆಲವು ವಾರಗಳಿಂದ ಸಂಜೆಯ ಹೊತ್ತು ಕೆಲಸ ಸಲೀಸಾಗಿತ್ತು. “ಟ್ಯೂಬ್‌ಲೈಟು ಬದಲಾಯಿಸಿದ್ರಾ?” ಎಂದು ಯಜಮಾನರನ್ನು ಕೇಳಿದ್ದೆ. ಅವರು “ಹೂಂ” ಎಂದಿದ್ದರು. ನಾನು ಖುಷಿಪಟ್ಟು ಅವರಿಗೆ ಇಷ್ಟವಾದ ಅಡುಗೆ ಮಾಡಿ ಬಡಿಸಿದ್ದೆ, ಅವರು ಯಾಕೆಂದು ಕೇಳದೆ ಉಂಡಿದ್ದರು. ಇವತ್ತು ಮೆಷಿನ್ನಿನ ಬಾಬಿನ್ ದಾರ ಮುಗಿಯಿತು. ಯಾವಾಗಲೂ ಕುಳಿತಲ್ಲಿಂದಲೇ ‘ಅತ್ತೆ, ದಾರದ ಡಬ್ಬಿ’ ಎಂದು ಕೂಗುವವಳು, ತಮ್ಮ ಮೇಲಿನ ಸಿಟ್ಟಿನಲ್ಲಿ ಮಾತಾಡಲೂ ಮನಸ್ಸಿಲ್ಲದೆ ನಾನೇ ಎದ್ದು ಪರದೆಯ ಹತ್ತಿರ ಹೋದೆ.

ಪರದೆಯನ್ನು ಒಂದು ಪಕ್ಕಕ್ಕೆ ಸಿಕ್ಕಿಸಲಾಗಿತ್ತು. ತಮ್ಮ ನೆತ್ತಿಯ ಮೇಲಿರಬೇಕಾದ ದೀಪ ತಮ್ಮ ನೆತ್ತಿಯ ಮೇಲಿರಲಿಲ್ಲ. ಅದರ ಕತ್ತನ್ನು ಪೂರ್ತಿ ಈಚೆಗೆ ತಿರುಗಿಸಿ, ಬೆಳಕು ನನ್ನ ಎಡಭುಜದ ಮೇಲಿನಿಂದ ನೇರ ಸೂಜಿಯ ಬುಡಕ್ಕೆ ಬೀಳುವ ಹಾಗೆ ಹಿಡಿದುಕೊಂಡು, ಅತ್ತೆ ಸ್ಟೂಲಿನ ಮೇಲೆ ಕುಳಿತಿದ್ದರು. ಆ ಕೋನದಲ್ಲಿ ಕ್ಲಿಪ್ಪು ನಿಲ್ಲುವುದಿಲ್ಲ, ಜಾರುತ್ತದೆ. ಅದಕ್ಕೇ ಕೈಯಲ್ಲಿ ಹಿಡಿದಿದ್ದರು. ಒಂದು ಕೈ ನೋವಾದಾಗ ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುವುದನ್ನೂ ನೋಡಿದೆ. ತಾವು ಅವರ ಬೆನ್ನ ಹಿಂದೆ ಕತ್ತಲಲ್ಲಿ ನಿಂತು, ತಮ್ಮ ಪಾಲಿನ ಬೆಳಕು ಹೊರಟುಹೋದ ದಿಕ್ಕಿಗೇ ಕತ್ತು ಚಾಚಿದ್ದಿರಿ.

ನಾನು ಬಾಯಿ ಬಿಟ್ಟುಕೊಂಡು ನಿಂತದ್ದನ್ನು ಕಂಡು ಅತ್ತೆ, “ನೋಡ್ತಾ ನಿಂತ್ರೆ ಆ ಪ್ಯಾಂಟು ಯಾರು ಮುಗಿಸ್ತಾರೆ, ನಿಮ್ಮಪ್ಪನಾ?” ಎಂದರು. ಹಣ್ಣಾಗಬೇಕಾದ ಗಿಡದ ಬೆಳಕನ್ನು ದಿನಾ ಸಂಜೆ ಹೀಗೆ ಕಿತ್ತುಕೊಂಡರೆ ಅದು ಹಣ್ಣು ಬಿಡುವುದು ಹೇಗೆ ಎಂದು ನಾನು ಕೇಳಿದೆ. ಅತ್ತೆ ದೀಪ ಕೆಳಗಿಡದೆ ಹೇಳಿದರು: “ಗಿಡ ಹೋದ್ರೆ ಇನ್ನೊಂದು ಹಾಕ್ಬೋದು. ಹೋದ ತಿಂಗಳು ನೀನು ಕಪ್ಪು ಕೋಟಿಗೆ ನೀಲಿ ದಾರ ಹಾಕಿ ಮಡಚಿಟ್ಟಿದ್ದೆ. ನಾನು ಕೂತು ಬಿಚ್ಚಿ ಹೊಲ್ದೆ. ಹಿಂಗೆ ಎಷ್ಟು ಅಂತ ಬಿಚ್ಲಿ? ಅಂಗಡಿ ಮಾನ ಹೋಗಲ್ವಾ? ಕಣ್ಣು ಹಾಳ್ಮಾಡ್ಕೊಂಡು ಆಮೇಲೆ ಸೂಜಿಗೆ ದಾರ ಪೋಣಿಸೋಕೆ ನನ್ನ ಕರೀಬೇಡ, ನಾನಿರಲ್ಲ.”

ಮಾನ್ಯರೇ, ನಾನು ತಿರುಗಿ ಬಂದು ಪ್ಯಾಂಟು ಮುಗಿಸಿದೆ. ಬೆಳಕು ಚೆನ್ನಾಗಿಯೇ ಇತ್ತು, ಆದರೂ ಹೊಲಿಗೆ ಸ್ವಲ್ಪ ಸೊಟ್ಟಗೆ ಬಂದಿದೆ. ಆ ಹಣ್ಣಿನ ಮೇಲೆ ಈ ಮನೆಯಲ್ಲಿರುವುದನ್ನೇ ಪಣವಿಟ್ಟ ಅತ್ತೆ, ಆ ಹಣ್ಣಿನ ಬೆಳಕನ್ನು ಕದ್ದು ನನಗೆ ಹಿಡಿಯುತ್ತಿದ್ದರು, ಬೈಗುಳದೊಂದಿಗೆ. ಇದನ್ನು ಕಂಡ ಮೇಲೆ ತಮ್ಮ ಮೇಲೆ ಹೊರಿಸಿದ್ದ ಆರೋಪಗಳಲ್ಲಿ ಸೋಮಾರಿತನ, ಕೃತಘ್ನತೆ ಮತ್ತು ಕದ್ದು ಕೇಳುವುದು, ಈ ಮೂರನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಉದ್ದದ ಆರೋಪ ಹಾಗೆಯೇ ಇರುತ್ತದೆ, ಅದು ಟೇಪಿನಲ್ಲೇ ಕಾಣುತ್ತದೆ.

ಇಷ್ಟಾದರೂ ಹಣ್ಣಿನ ಬೇಡಿಕೆಯನ್ನು ಉಳಿಸಿಕೊಂಡು, ಯಜಮಾನರಿಂದ ನಿಜವಾಗಿಯೂ ಒಂದು ಹೊಸ ಟ್ಯೂಬ್‌ಲೈಟು ಹಾಕಿಸಿ, ತಮ್ಮ ದೀಪವನ್ನು ತಮಗೆ ಮರಳಿಸಿ, ಮರುದಿನ ಪತ್ರ ಮುಗಿಸೋಣವೆಂದುಕೊಂಡಿದ್ದೆ. ಆದರೆ ನಿನ್ನೆ ಇಷ್ಟು ಬರೆದಿಟ್ಟು ಮಲಗಿ, ಇವತ್ತು ಬೆಳಗ್ಗೆ ಎದ್ದರೆ ನಾದಿನಿಯ ಫೋನು ಬಂತು. ಅತ್ತೆಗೆ ಕಿವಿ ಸ್ವಲ್ಪ ಮಂದವಾದ್ದರಿಂದ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತಾರೆ, ಹೀಗಾಗಿ ಈ ಮನೆಯಲ್ಲಿ ಗುಟ್ಟೆಂಬುದಿಲ್ಲ. “ಅಮ್ಮಾ, ಭಾನುವಾರ ಗಾಡಿ ತರ್ತೀವಿ, ಬಟ್ಟೆಬರೆ ತುಂಬ್ಕೊಂಡಿರು,” ಎಂದಳು ನಾದಿನಿ. ನಾನು ಕೈಯಲ್ಲಿದ್ದ ಗುಂಡಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅತ್ತೆ ಒಂದಿಷ್ಟೂ ತಡವರಿಸದೆ, “ಭಾನುವಾರನಾ? ಅದ್ಹೆಂಗಾಗುತ್ತೆ? ಗಿಡ ಇನ್ನೂ ಹೂವೇ ಬಿಟ್ಟಿಲ್ಲ. ಅದು ಹಣ್ಣಾಗೋದು ನೋಡದೆ ಬರಲ್ಲ ಅಂತ ನಾನು ಮಾತು ಕೊಟ್ಟಿದೀನಿ,” ಎಂದರು. “ಹಣ್ಣಾದ್ಮೇಲೆ ಬರ್ತೀಯಲ್ಲಾ?” ಎಂದು ಅವಳು ಕೇಳಿದಳು. “ಹಣ್ಣಾದ ಮಾರನೇ ದಿನಾನೇ ಬರ್ತೀನಿ ಮಗಾ,” ಎಂದರು ಅತ್ತೆ.

ಸವೆದ ಕಾಲರನ್ನು ಬಿಚ್ಚಿ ಒಳಭಾಗವನ್ನು ಮೇಲೆ ಮಾ‍ಡಿ ಮತ್ತೆ ಹೊಲಿಯುವುದನ್ನು ನಾನು ಬೇಕಾದಷ್ಟು ಸಲ ಮಾಡಿದ್ದೇನೆ, ಆದರೆ ಒಂದು ಷರತ್ತನ್ನು ಇಷ್ಟು ಸಲೀಸಾಗಿ ತಿರುವಿ ಹಾಕಿದ್ದನ್ನು ಕಂಡಿರಲಿಲ್ಲ. ಹಣ್ಣಾದರೆ ಇರುತ್ತೇನೆ ಎಂದವರು ಹಣ್ಣಾದರೆ ಹೋಗುತ್ತೇನೆ ಎಂದಿದ್ದಾರೆ. ಫೋನು ಇಟ್ಟು, ನನ್ನ ಮುಖ ನೋಡದೆ, “ಬಾಯಿ ಮುಚ್ಕೊಂಡು ಕೆಲಸ ನೋಡು,” ಎಂದರು. ನಾನು ಏನೂ ಮಾತಾಡಿರಲಿಲ್ಲ.

ಆದ್ದರಿಂದ, ಮಾನ್ಯರೇ, ತಮ್ಮ ಘನತೆವೆತ್ತ ಗಮನಕ್ಕೆ ನನ್ನ ಪರಿಷ್ಕೃತ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇನೆ. ತಾವು ದಯಮಾಡಿ ಬೆಳೆಯಿರಿ. ಉದ್ದವಾಗಿರಿ, ಇನ್ನೂ ಉದ್ದವಾಗಿರಿ, ಸೂರಿಗೆ ತಲೆ ತಾಗಿದರೆ ಬಗ್ಗಿ ಗೋಡೆಗುಂಟ ಹೋಗಿರಿ, ಗೂಟಕ್ಕೆ ಬೇಕಾದರೆ ಮಂಚದ ಪಟ್ಟಿಯನ್ನೇ ಬಿಚ್ಚಿಕೊಡುತ್ತೇವೆ. ಗೊಬ್ಬರದ ಡಬ್ಬಿಯನ್ನು ಜಿಪ್ಪಿನ ಪೆಟ್ಟಿಗೆಯಿಂದ ಹೊರಗೆ ತೆಗೆದು ಎಲ್ಲರ ಕೈಗೂ ಸಿಗುವಲ್ಲಿ ಇಟ್ಟಿದ್ದೇನೆ, ಯೂರಿಯಾ ತುಂಬಿದ ಹಳೆಯ ಡಬ್ಬಿ. ಬದುಕಲು ಬೇಕಾದಷ್ಟು ಬೆಳಕು ಕೊಡುತ್ತೇವೆ, ಅರಳಲು ಬೇಕಾದಷ್ಟಲ್ಲ. ಗಿಡದಂಗಡಿಯವರು ಗಿಡವನ್ನು ಗಿಡ್ಡ ಮಾಡಲು ಹೇಳಿಕೊಟ್ಟ ವಿದ್ಯೆಯನ್ನೆಲ್ಲ ಇನ್ನು ಮುಂದೆ ಉಲ್ಟಾ ಮಾಡಲಾಗುವುದು. ಫ್ಯಾನನ್ನು ಮಾತ್ರ ವಾಪಸು ಪಡೆಯುತ್ತೇನೆ. ತಾವು ಸೊರಗಿ, ಬಳುಕಿ, ಚಿರಂಜೀವಿಯಾಗಿ ಇರಬೇಕೆಂಬುದೇ ಈ ಮನೆಯ ಪ್ರಾರ್ಥನೆ.

ಈ ಪತ್ರವನ್ನು ಗಾಜಿಗೆ ಅಂಟಿಸುವಾಗ, ಬೇಡಿಕೆಗಳವರೆಗಿನ ಭಾಗ ಮಾತ್ರ ಹೊರಗೆ ಕಾಣುವಂತೆ, ನಡುವೆ ಬರುವ ಅತ್ತೆಯ ಷರತ್ತನ್ನೂ ಉಳಿದದ್ದನ್ನೂ ಒಳಕ್ಕೆ ಮಡಚಿ ಸಣ್ಣ ಟಾಕು ಹೊಲಿಗೆ ಹಾಕುತ್ತೇನೆ. ನಾದಿನಿ ಬಂದರೆ ತಾನು ಓದಬೇಕಾದ್ದನ್ನಷ್ಟೇ ಓದಲಿ.

ಕತ್ತೆತ್ತಿ ನೋಡುತ್ತಿರುವ,
ತಮ್ಮ ವಿಶ್ವಾಸಿ,
ಪರದೆಯ ಈಚೆ ಬದಿಯವಳು

ತಾ.ಕ.: ಪತ್ರ ಮುಗಿಸಿ ತಮಗೆ ಓದಿ ಹೇಳಲು ಒಳಗೆ ಬಂದಾಗ, ಮೇಲಿನಿಂದ ಎರಡನೇ ಎಲೆಯ ಪಕ್ಕದಲ್ಲಿ ಹಸಿರಾದ, ಗುಂಡಗಿನ, ಮೊಗ್ಗನ್ನು ಹೋಲುವ ಏನೋ ಒಂದನ್ನು ಕಂಡೆ. ತಕ್ಷಣ ಅತ್ತೆಯನ್ನು ಕೂಗಿದೆ. ಅತ್ತೆ ಕನ್ನಡಕ ಹಾಕಿಕೊಂಡು ಬಂದು, ಅದನ್ನು ಬೆರಳಲ್ಲಿ ಎತ್ತಿ, ಬಹಳ ಹೊತ್ತು ನೋಡಿ, “ಎಲೆ ಕಣೇ ಅದು,” ಎಂದರು. ಜೀವಮಾನವಿಡೀ ಟೊಮೆಟೊ ಬೆಳೆದವರು ಎಲೆ ಎಂದ ಮೇಲೆ ಅದು ಎಲೆಯೇ. ತಾವೂ ಅದನ್ನು ಎಲೆಯೆಂದೇ ತಿಳಿದು, ಎಲೆಗೆ ಸಲ್ಲುವ ರೀತಿಯಲ್ಲೇ ನಡೆದುಕೊಳ್ಳತಕ್ಕದ್ದು.